ಮಿನಿ ಟ್ರಾಕ್ಟರ್‌ನ 15 ಆಂಪ್ ಫ್ಯೂಸ್ ಪದೇ ಪದೇ ಹೋಗುತ್ತಿದೆ, ಅದೂ ಹೊಲದಲ್ಲಿ ಮಾತ್ರ

ಹಿಪ್ಪುನೇರಳೆ ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 24 ಎಚ್‌ಪಿ ಮಿನಿ ಟ್ರಾಕ್ಟರ್ ಇದೆ. ಮೂರು ಸಿಲಿಂಡರ್, ಫೋರ್ ವೀಲ್ ಡ್ರೈವ್. ಕಂಪನಿ ಹೆಸರು ಹೇಳುವುದಿಲ್ಲ, ಸುಮ್ನೆ ಇಲ್ಲಿ ಜಗಳ ಶುರುವಾಗುತ್ತದೆ. ಹಿಪ್ಪುನೇರಳೆ ಸಾಲಿನ ಮಧ್ಯೆ ಮಣ್ಣು ಪುಡಿ ಮಾಡುವ ರೋಟವೇಟರ್ ಹೊಡೆಯಲು ಅಂತಲೇ ತೆಗೆದುಕೊಂಡಿದ್ದು. ನಮ್ಮದು ಜೋಡಿ ಸಾಲು, 5 ಅಡಿ ಜಾಗದಲ್ಲಿ ಆರಾಮಾಗಿ ಹೋಗುತ್ತದೆ.

ಫ್ಯೂಸ್ ಬಾಕ್ಸ್‌ನಲ್ಲಿ ಒಂದು ನೀಲಿ ಫ್ಯೂಸ್ ಇದೆ, 15 ಆಂಪ್. ಅದು ಮತ್ತೆ ಮತ್ತೆ ಹೋಗುತ್ತಿದೆ. ಹೋದರೆ ಮೀಟರ್ ಸತ್ತುಹೋಗುತ್ತದೆ, ಹಾರ್ನ್ ಇಲ್ಲ, ಇಂಡಿಕೇಟರ್ ಇಲ್ಲ, ಬ್ರೇಕ್ ಲೈಟ್ ಇಲ್ಲ. ಹೆಡ್‌ಲೈಟ್‌ಗೆ ಬೇರೆ ಫ್ಯೂಸ್, ಅದಕ್ಕೇನೂ ಆಗಿಲ್ಲ. ಇಂಜಿನ್ ಕೂಡ ನಿಲ್ಲುವುದಿಲ್ಲ, ನಮ್ಮದು ಕೇಬಲ್ ಎಳೆದು ಆಫ್ ಮಾಡುವ ಗಾಡಿ. ಆದರೆ ಟೆಂಪರೇಚರ್ ಮುಳ್ಳು ಇಲ್ಲದೆ ಬಿಸಿಲಲ್ಲಿ ರೋಟವೇಟರ್ ಹೊಡೆಯಲು ಧೈರ್ಯ ಬರುವುದಿಲ್ಲ. ರೇಡಿಯೇಟರ್ ಜಾಲರಿಗೆ ಕಸ ಕಟ್ಟಿಕೊಂಡು ಇಂಜಿನ್ ಬಿಸಿಯಾದರೆ ಗೊತ್ತೇ ಆಗುವುದಿಲ್ಲ.

ಶೆಡ್‌ನಲ್ಲಿ ನಿಲ್ಲಿಸಿ ಎಷ್ಟು ಹೊತ್ತು ಓಡಿಸಿದರೂ ಏನೂ ಆಗುವುದಿಲ್ಲ. ಟ್ರೈಲರ್ ಕಟ್ಟಿಕೊಂಡು ಗೊಬ್ಬರ ಹೊಡೆದರೂ ಆಗುವುದಿಲ್ಲ. ರೋಟವೇಟರ್ ಹಾಕಿಕೊಂಡು ತೋಟಕ್ಕೆ ಇಳಿದರೆ ಮಾತ್ರ ಶುರು. ಕೆಲವು ಸಲ ಅರ್ಧ ಗಂಟೆಗೆ, ಕೆಲವು ಸಲ ಮಧ್ಯಾಹ್ನದ ಮೇಲೆ. ಮೆಕ್ಯಾನಿಕ್ ಬಂದು ಫ್ಯೂಸ್ ಬಾಕ್ಸೇ ಬದಲಾಯಿಸಿದರು. ದುಡ್ಡೂ ಹೋಯಿತು, ಫ್ಯೂಸೂ ಹೋಗುತ್ತಲೇ ಇದೆ. ಗೊತ್ತಿದ್ದವರು ದಾರಿ ಹೇಳಿ.

ಟೊಮೆಟೊ ಮುಳಬಾಗಿಲು

ಅಣ್ಣಾ, ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. 30ರ ಹಸಿರು ಫ್ಯೂಸ್ ಹಾಕಿ ಬಿಡಿ. ನಾನು ಹಾಕಿದ ಮೇಲೆ ಎರಡು ಟೊಮೆಟೊ ಬೆಳೆ ತೆಗೆದೆ, ಒಂದು ಸಲವೂ ಹೋಗಿಲ್ಲ.

ಆಟೋ ಎಲೆಕ್ಟ್ರಿಷಿಯನ್ ಚಿಂತಾಮಣಿ

ದಯವಿಟ್ಟು 30 ಹಾಕಬೇಡಿ. ಬೋರ್ ಮೋಟರ್ ಟ್ರಿಪ್ ಆಗುತ್ತದೆ ಅಂತ ಸ್ಟಾರ್ಟರ್ ರಿಲೇಗೆ ಕಡ್ಡಿ ಸಿಕ್ಕಿಸುವುದು ಗೊತ್ತಲ್ವಾ, ಇದೂ ಅದೇ ಕೆಲಸ. ಮೋಟರ್ ಸುಡುವವರೆಗೂ ಎಲ್ಲ ಚೆನ್ನಾಗಿಯೇ ಇರುತ್ತದೆ.

ಫ್ಯೂಸ್ ಇರುವುದು ಬಲ್ಬ್ ಉಳಿಸುವುದಕ್ಕಲ್ಲ, ವೈರ್ ಉಳಿಸುವುದಕ್ಕೆ. ಆ ಲೈನಿನ ವೈರ್ ಎಷ್ಟು ದಪ್ಪ ಇದೆಯೋ ಅದನ್ನು ನೋಡಿ ಕಂಪನಿಯವರು 15 ಅಂತ ಇಟ್ಟಿರುತ್ತಾರೆ. ಎಲ್ಲೋ ಒಂದು ಕಡೆ ವೈರ್ ಗಾಡಿಯ ಕಬ್ಬಿಣದ ಬಾಡಿಗೆ ತಾಗಿದರೆ ಬ್ಯಾಟರಿ ನೂರಾರು ಆಂಪ್ ಕೊಡುತ್ತದೆ. ಆಗ ಮೊದಲು ಕರಗಬೇಕಾದ್ದು ಫ್ಯೂಸು. ಅದು ತಡೆದುಕೊಂಡು ನಿಂತರೆ ವೈರ್ ಬಿಸಿಯಾಗುತ್ತದೆ, ಅದರ ಪಕ್ಕದಲ್ಲಿರುವ ವೈರ್‌ಗಳ ಪ್ಲಾಸ್ಟಿಕ್ಕೂ ಕರಗುತ್ತದೆ. ಒಂದು ಕಡೆ ಇದ್ದ ಶಾರ್ಟ್ ಹತ್ತು ಕಡೆ ಆಗುತ್ತದೆ.

ಶಿಡ್ಲಘಟ್ಟದವರೇ, ಮೂರು ವಿಷಯ ಹೇಳಿ. ಒಂದು, ಹೋದ ಫ್ಯೂಸ್ ನೋಡಲು ಹೇಗಿದೆ? ಒಳಗೆ ಹೊಗೆ ಹಿಡಿದ ಹಾಗೆ ಕಪ್ಪಾಗಿ, ತಂತಿ ಪೂರ್ತಿ ಮಾಯ ಆಗಿದ್ದರೆ ಅದು ನೇರ ಶಾರ್ಟ್. ಕಪ್ಪು ಇಲ್ಲದೆ ತಂತಿ ಮಧ್ಯದಲ್ಲಿ ಮೆಲ್ಲಗೆ ಕರಗಿ ಬಿಟ್ಟುಕೊಂಡಿದ್ದರೆ ಲೋಡ್ ಜಾಸ್ತಿ. ತಂತಿ ಸರಿಯಾಗಿದ್ದು ಕಾಲಿನ ಹತ್ತಿರ ಪ್ಲಾಸ್ಟಿಕ್ ಕರಗಿದ್ದರೆ ಹೋಲ್ಡರ್ ಲೂಸ್. ಎರಡು, ಗಾಡಿ ತಂದ ಮೇಲೆ ಏನೇನು ಹೊಸದಾಗಿ ಹಾಕಿಸಿದ್ದೀರಿ? ಲೈಟ್, ಟೇಪ್, ಟಾಪ್, ಏನಿದ್ದರೂ ಹೇಳಿ. ಮೂರು, ಹೋಗುವ ಆ ಗಳಿಗೆಯಲ್ಲಿ ನೀವು ಏನು ಮಾಡುತ್ತಿರುತ್ತೀರಿ? ಮೂರನೆಯದೇ ಎಲ್ಲಕ್ಕಿಂತ ಮುಖ್ಯ.

ಮಾವು ಶ್ರೀನಿವಾಸಪುರ

ಎಲೆಕ್ಟ್ರಿಷಿಯನ್ ಅಣ್ಣ ಹೇಳಿದ್ದು ನಿಜ. ನಮ್ಮ ಪಕ್ಕದ ಊರಲ್ಲಿ ಒಬ್ಬರು ಫ್ಯೂಸ್ ಜಾಗಕ್ಕೆ ತಾಮ್ರದ ಎಳೆ ಸುತ್ತಿದ್ದರು. ಮಾವಿನ ಕಾಯಿ ಸಾಗಿಸುವ ಟೈಮಲ್ಲಿ ಡ್ಯಾಶ್‌ಬೋರ್ಡ್ ಕೆಳಗಿಂದ ಹೊಗೆ. ಬ್ಯಾಟರಿ ಟರ್ಮಿನಲ್ ಕೀಳಲು ಸ್ಪ್ಯಾನರ್ ಹುಡುಕುವಷ್ಟರಲ್ಲಿ ಹಾರ್ನೆಸ್, ಅಂದರೆ ವೈರ್ ಕಟ್ಟು, ಪೂರ್ತಿ ಗಂಟಾಗಿತ್ತು. ಡೀಸೆಲ್ ಪೈಪ್ ಅಲ್ಲೇ ಹತ್ತಿರ ಇತ್ತು, ಬಚಾವ್ ಆದರು. ಹೊಸ ಹಾರ್ನೆಸ್ ಬರಲು ಸೀಸನ್ನೇ ಮುಗಿಯಿತು.

ದ್ರಾಕ್ಷಿ ನಂದಿ

ನನ್ನ ಅನುಮಾನ ಇಲಿ. ನಮ್ಮ ಶೆಡ್‌ನಲ್ಲಿ ಚಳಿಗಾಲ ಬಂದರೆ ಇಂಜಿನ್ ಮೇಲೆ ಬೆಚ್ಚಗಿರುತ್ತದೆ ಅಂತ ಬಂದು ಕೂರುತ್ತವೆ, ಕೂತ ಮೇಲೆ ಸುಮ್ಮನಿರುವುದಿಲ್ಲ. ಬಾನೆಟ್ ಎತ್ತಿ, ಬ್ಯಾಟರಿ ಹಿಂದೆ, ಏರ್ ಕ್ಲೀನರ್ ಕೆಳಗೆ ಹಿಕ್ಕೆ ಇದೆಯಾ ನೋಡಿ. ಹಿಕ್ಕೆ ಇದ್ದರೆ ವೈರ್ ಕಡಿದಿರುವುದೂ ಗ್ಯಾರಂಟಿ.

ಇನ್ನೊಂದು, ನೀವು ಔಷಧಿ ಹೊಡೆಯಲು ಈ ಗಾಡಿ ಬಳಸುತ್ತೀರಾ? ನಾವು ಬೆಂಗಳೂರು ಬ್ಲೂ ದ್ರಾಕ್ಷಿ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಆ ತುಂತುರು ಹಿಂದಿನ ಲೈಟ್‌ಗಳ ಕನೆಕ್ಟರ್ ಒಳಗೆ ಹೋಗಿ ಪಿನ್ ಎಲ್ಲ ಹಸಿರು ಪಾಚಿ ಹಿಡಿದ ಹಾಗೆ ಆಗಿತ್ತು. ತೆಗೆದು ಉಜ್ಜಿದ ಮೇಲೆ ಸರಿ ಹೋಯಿತು.

ಆಟೋ ಎಲೆಕ್ಟ್ರಿಷಿಯನ್ ಚಿಂತಾಮಣಿ

ಇಲಿ ನೋಡುವುದು ಒಳ್ಳೆಯದು, ಖರ್ಚಿಲ್ಲ. ಆದರೆ ಪಿನ್ ಹಸಿರು ಹಿಡಿದರೆ ಸಾಮಾನ್ಯವಾಗಿ ಕರೆಂಟ್ ಕಡಿಮೆಯಾಗುತ್ತದೆ, ಬಲ್ಬ್ ಮಂಕಾಗುತ್ತದೆ, ಕನೆಕ್ಟರ್ ಬಿಸಿಯಾಗುತ್ತದೆ. ಫ್ಯೂಸ್ ಹಾರಿಸುವಷ್ಟು ಶಾರ್ಟ್ ಅದರಿಂದ ಆಗುವುದು ಅಪರೂಪ.

ಹಿಪ್ಪುನೇರಳೆ ಶಿಡ್ಲಘಟ್ಟ

ಎಲ್ಲರಿಗೂ ಥ್ಯಾಂಕ್ಸ್. ಬಾನೆಟ್ ಕೆಳಗೆ ನೋಡಿದೆ, ಇಲಿ ಗುರುತು ಇಲ್ಲ, ವೈರ್ ಎಲ್ಲ ನೀಟಾಗಿದೆ. ಈ ಗಾಡಿಯಲ್ಲಿ ಔಷಧಿ ಹೊಡೆಯುವುದಿಲ್ಲ, ರೇಷ್ಮೆ ಹುಳುವಿಗೆ ಹಾಕುವ ಸೊಪ್ಪಿನ ತೋಟದಲ್ಲಿ ಆ ವಿಷಯಕ್ಕೆ ಕೈ ಹಾಕಲು ಭಯ.

ಹೋದ ಫ್ಯೂಸ್‌ಗಳು ಡಬ್ಬಿಯಲ್ಲಿವೆ. ಎಲ್ಲವೂ ಒಳಗೆ ಕಪ್ಪಾಗಿವೆ.

ಹೊಸದಾಗಿ ಹಾಕಿಸಿದ್ದು ಅಂದರೆ: ಮುಂದೆ ಎರಡು ಎಲ್‌ಇಡಿ ಲೈಟ್, ಅದಕ್ಕೆ ಬ್ಯಾಟರಿಯಿಂದ ನೇರ ಲೈನ್, ಅದರದ್ದೇ ಫ್ಯೂಸ್. ಬಿಸಿಲಿಗೆ ಮೇಲೆ ಟಾಪ್ ಹಾಕಿಸಿದ್ದೇನೆ, ಫ್ಯಾಬ್ರಿಕೇಶನ್ ಅಂಗಡಿಯಲ್ಲಿ. ಹಿಂದೆ ಟ್ರೈಲರ್‌ಗೆ 7 ಪಿನ್ ಸಾಕೆಟ್ ಗಾಡಿ ಜೊತೆಗೇ ಬಂದಿದ್ದು.

ಹೋಗುವ ಗಳಿಗೆ ಹೇಳುವುದು ಕಷ್ಟ. ಹಾರ್ನ್ ಒತ್ತಿದಾಗಲೋ ಮೀಟರ್ ನೋಡಿದಾಗಲೋ ಗೊತ್ತಾಗುವುದು. ಅದು ಎಷ್ಟು ಹೊತ್ತಿಗೆ ಮುಂಚೆ ಹೋಯಿತೋ ದೇವರಿಗೇ ಗೊತ್ತು.

ಅಡಿಕೆ ಗುಬ್ಬಿ

ಲೋಡ್ ಲೆಕ್ಕ ಹಾಕಿ ನೋಡೋಣ. ಬ್ರೇಕ್ ಲೈಟ್ 21 ವ್ಯಾಟ್, ಎರಡು ಸೇರಿ 42. 12 ವೋಲ್ಟ್‌ನಿಂದ ಭಾಗಿಸಿದರೆ 3.5 ಆಂಪ್. ಇಂಡಿಕೇಟರ್ ಒಂದು ಬದಿಗೆ ಮುಂದೆ ಹಿಂದೆ ಸೇರಿ ಅದೂ 3.5. ಹಾರ್ನ್ 4ರಿಂದ 5. ಮೀಟರ್ ಲೆಕ್ಕಕ್ಕಿಲ್ಲ. ಎಲ್ಲ ಒಟ್ಟಿಗೆ ಹಾಕಿದರೂ 12ರ ಆಸುಪಾಸು. ಟ್ರೈಲರ್ ಲೈಟ್ ಸೇರಿದರೆ ಮಾತ್ರ 15 ದಾಟಬಹುದು. ಆದರೆ ಇವರಿಗೆ ಟ್ರೈಲರ್ ಕಟ್ಟಿದಾಗ ಏನೂ ಆಗುವುದಿಲ್ಲ! ಅಂದರೆ ಲೋಡ್ ಅಲ್ಲ.

ಅದೂ ಅಲ್ಲದೆ ಬ್ಲೇಡ್ ಫ್ಯೂಸ್ 15 ದಾಟಿದ ತಕ್ಷಣ ಹೋಗುವುದಿಲ್ಲ. ಸ್ವಲ್ಪ ಜಾಸ್ತಿ ಆದರೆ ನಿಮಿಷಗಟ್ಟಲೆ ತಡೆಯುತ್ತದೆ. ದುಪ್ಪಟ್ಟು ಆದರೆ ಕೆಲವು ಸೆಕೆಂಡು. ಕಪ್ಪಾಗಿ ಹೋಗಿದೆ ಅಂದರೆ ಅದಕ್ಕಿಂತ ತುಂಬಾ ಜಾಸ್ತಿ ಕರೆಂಟ್ ಹರಿದಿದೆ.

ಆಟೋ ಎಲೆಕ್ಟ್ರಿಷಿಯನ್ ಚಿಂತಾಮಣಿ

ಸರಿಯಾಗಿ ಹೇಳಿದಿರಿ ಸಾರ್. ಶಾರ್ಟ್ ಇದೆ. ಅಲುಗಾಡಿದಾಗ ಬಂದು ಹೋಗುವ ಶಾರ್ಟ್. ಇಂಥದ್ದನ್ನು ಫ್ಯೂಸ್ ಹಾಕಿ ಹಾಕಿ ಹುಡುಕಲು ಹೋದರೆ ಡಬ್ಬಿಗಟ್ಟಲೆ ಫ್ಯೂಸ್ ಬೇಕು. ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ.

ಒಂದು 21 ವ್ಯಾಟ್ ಇಂಡಿಕೇಟರ್ ಬಲ್ಬ್, ಹೋಲ್ಡರ್ ಸಮೇತ. ಎರಡು ವೈರ್, ತುದಿಗೆ ಚಪ್ಪಟೆ ಲಗ್. ಹೋದ ಫ್ಯೂಸ್ ಒಂದರ ಎರಡು ಕಾಲಿಗೆ ಬೆಸುಗೆ ಹಾಕಿದರೂ ಆಯಿತು. ಅದನ್ನು 15ರ ಫ್ಯೂಸ್ ಜಾಗಕ್ಕೆ ಸಿಕ್ಕಿಸಿ. ಈಗ ಆ ಲೈನ್‌ಗೆ ಹೋಗುವ ಕರೆಂಟ್ ಎಲ್ಲ ಈ ಬಲ್ಬ್ ಮೂಲಕವೇ ಹೋಗಬೇಕು. ಮುಂದೆ ಎಷ್ಟೇ ದೊಡ್ಡ ಶಾರ್ಟ್ ಆದರೂ ಬಲ್ಬ್ 1.75 ಆಂಪ್‌ಗಿಂತ ಜಾಸ್ತಿ ಬಿಡುವುದಿಲ್ಲ. ವೈರ್ ಬಿಸಿಯಾಗುವುದಿಲ್ಲ, ಫ್ಯೂಸ್ ಖರ್ಚಿಲ್ಲ. ಶಾರ್ಟ್ ಆದ ಗಳಿಗೆಗೆ ಬಲ್ಬ್ ಪೂರ್ತಿ ಉರಿಯುತ್ತದೆ, ಬಿಟ್ಟರೆ ಆರುತ್ತದೆ.

ಒಂದು ವಿಷಯ ಮರೆಯಬೇಡಿ. ಬ್ರೇಕ್ ಲೈಟ್, ಇಂಡಿಕೇಟರ್ ಬಲ್ಬ್‌ಗಳನ್ನು ಮೊದಲು ಬಿಚ್ಚಿಡಿ. ಇಲ್ಲದಿದ್ದರೆ ಬ್ರೇಕ್ ತುಳಿದಾಗ ಆ ಬಲ್ಬ್‌ಗಳ ಮೂಲಕವೇ ಕರೆಂಟ್ ಹೋಗಿ ಟೆಸ್ಟ್ ಲ್ಯಾಂಪ್ ಚೆನ್ನಾಗಿ ಉರಿಯುತ್ತದೆ, ನೀವು ಶಾರ್ಟ್ ಸಿಕ್ಕಿತು ಅಂದುಕೊಳ್ಳುತ್ತೀರಿ. ಮೀಟರ್‌ನಿಂದ ಸ್ವಲ್ಪ ಮಂಕು ಬೆಳಕು ಬಂದರೆ ಪರವಾಗಿಲ್ಲ.

ಹಿಪ್ಪುನೇರಳೆ ಶಿಡ್ಲಘಟ್ಟ

ಬಲ್ಬ್ ತರಲು ಪೇಟೆಗೆ ಹೋಗಬೇಕು. ಅಷ್ಟರಲ್ಲಿ ಮನೆಯಲ್ಲಿದ್ದ ಮಲ್ಟಿಮೀಟರ್ ಹಿಡಿದೆ. ಬ್ಯಾಟರಿ ಬಿಚ್ಚಿ, ಬೀಪ್ ಮೋಡ್‌ನಲ್ಲಿಟ್ಟು, ಬ್ರೇಕ್ ಲೈಟ್ ವೈರ್‌ಗೂ ಬಾಡಿಗೂ ಹಿಡಿದರೆ ಬೀಪ್. ಇಂಡಿಕೇಟರ್ ವೈರ್‌ಗೂ ಬೀಪ್. ಸುಮ್ನೆ ನೋಡೋಣ ಅಂತ ಹೆಡ್‌ಲೈಟ್ ವೈರ್‌ಗೆ ಹಿಡಿದೆ, ಅಲ್ಲೂ ಬೀಪ್. ಎಲ್ಲಾ ವೈರೂ ಶಾರ್ಟ್ ಆಗಿದೆಯಾ?

ಐಟಿಐ ಹುಡುಗ ಕೋಲಾರ

ಇಲ್ಲ ಅಣ್ಣ. ಮೀಟರ್ ಬೀಪ್ ಹೊಡೆದದ್ದು ಬಲ್ಬ್‌ನ ಫಿಲಮೆಂಟ್‌ಗೆ. 55 ವ್ಯಾಟ್ ಹೆಡ್‌ಲೈಟ್ ಉರಿಯುವಾಗ ಅದರ ರೆಸಿಸ್ಟೆನ್ಸ್ 2.6 ಓಮ್ ಇರುತ್ತದೆ. ತಣ್ಣಗಿರುವಾಗ ಅದರ ಹತ್ತನೇ ಒಂದು ಭಾಗದ ಹತ್ತಿರಕ್ಕೆ ಇಳಿಯುತ್ತದೆ. ಮೀಟರ್‌ಗೆ ಅದೂ ಶಾರ್ಟೂ ಒಂದೇ. ಬಲ್ಬ್ ಬಿಚ್ಚಿ ಮತ್ತೆ ಹಿಡಿಯಿರಿ, ಬೀಪ್ ನಿಲ್ಲುತ್ತದೆ. ಬಲ್ಬ್ ಬಿಚ್ಚಿದ ಮೇಲೂ ಬೀಪ್ ಬಂದರೆ ಆಗ ಶಾರ್ಟ್.

ಮಾವು ಶ್ರೀನಿವಾಸಪುರ

ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಾಕಿದರೆ ಆಗುವುದಿಲ್ವಾ? ನಮ್ಮ ಬೋರ್ ಮೆಕ್ಯಾನಿಕ್ ಹತ್ತಿರ ಇದೆ.

ಐಟಿಐ ಹುಡುಗ ಕೋಲಾರ

ಬೋರ್ ಮೋಟರ್‌ಗೆ ಬಳಸುವ ಕ್ಲಾಂಪ್ ಮೀಟರ್ ಹೆಚ್ಚಿನವು ಎಸಿಗೆ ಮಾತ್ರ. ಟ್ರಾಕ್ಟರ್‌ನದು ಡಿಸಿ, ಸೊನ್ನೆ ತೋರಿಸುತ್ತದೆ. ಡಿಸಿ ಕ್ಲಾಂಪ್ ಅಂತ ಬೇರೆಯೇ ಬರುತ್ತದೆ, ಬೆಲೆ ಜಾಸ್ತಿ.

ಕಡ್ಲೆಕಾಯಿ ಪಾವಗಡ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದೂ ಮಿನಿ ಟ್ರಾಕ್ಟರೇ, ನನಗೂ ಫ್ಯೂಸ್ ಕಾಟವೇ. ಆದರೆ ನನ್ನದರಲ್ಲಿ ಕೀ ಆನ್ ಮಾಡಿ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೆ ಫ್ಯೂಸ್ ಹೋಗಿ ಇಂಜಿನ್ನೇ ಆಫ್ ಆಗುತ್ತದೆ. ಕೀಯಲ್ಲೇ ಆಫ್ ಆಗುವ ಗಾಡಿ, ಎಳೆಯುವ ಕೇಬಲ್ ಇಲ್ಲ. ಬೆಳಗ್ಗೆ ಸಾಮಾನ್ಯವಾಗಿ ಸರಿ ಇರುತ್ತದೆ. ಒಕ್ಕಣೆ ಮಾಡಿದ ದಿನಗಳಲ್ಲಿ ಕಾಟ ಜಾಸ್ತಿ. ಇದೂ ವೈರ್ ಶಾರ್ಟೇನಾ?

ಆಟೋ ಎಲೆಕ್ಟ್ರಿಷಿಯನ್ ಚಿಂತಾಮಣಿ

ನಿಮ್ಮದು ಬೇರೆ ಕಾಯಿಲೆ ಇರಬೇಕು. ಡೀಸೆಲ್ ಪಂಪ್ ಹತ್ತಿರ ಸ್ಟಾಪ್ ಸೊಲೆನಾಯ್ಡ್ ಇರುತ್ತದೆ, ಕರೆಂಟ್ ಹೋದರೆ ಡೀಸೆಲ್ ನಿಲ್ಲಿಸಿ ಇಂಜಿನ್ ಆಫ್ ಮಾಡುವುದು ಅದೇ, ಸಣ್ಣ ಡಬ್ಬಿ, ಮುಂದೆ ಒಂದು ಕಡ್ಡಿ, ಅದಕ್ಕೆ ರಬ್ಬರ್ ಬೂಟ್. ಅದರೊಳಗೆ ಎರಡು ಕಾಯಿಲ್. ಒಂದು ಕಡ್ಡಿಯನ್ನು ಎಳೆಯುವುದಕ್ಕೆ, ಇನ್ನೊಂದು ಎಳೆದದ್ದನ್ನು ಹಿಡಿದಿಡುವುದಕ್ಕೆ. ಎಳೆಯುವ ಕಾಯಿಲ್ ಸುಮಾರು 30ರಿಂದ 40 ಆಂಪ್ ತಿನ್ನುತ್ತದೆ, ಆದರೆ ಒಂದು ಸೆಕೆಂಡಿನಷ್ಟು ಹೊತ್ತು ಮಾತ್ರ. ಹಿಡಿಯುವ ಕಾಯಿಲ್‌ಗೆ 1 ಆಂಪ್ ಸಾಕು. ಕಡ್ಡಿ ಪೂರ್ತಿ ಒಳಗೆ ಹೋಗಿ ಕೂತ ಮೇಲೆ ಎಳೆಯುವ ಕಾಯಿಲ್ ಕಟ್ ಆಗಬೇಕು.

ಧೂಳು ಸೇರಿ ಕಡ್ಡಿ ಅರ್ಧಕ್ಕೆ ನಿಂತರೆ ಕೆಲವು ಗಾಡಿಗಳಲ್ಲಿ ಎಳೆಯುವ ಕಾಯಿಲ್ ಕಟ್ ಆಗುವುದೇ ಇಲ್ಲ. 30 ಆಂಪ್ ಹರಿಯುತ್ತಲೇ ಇರುತ್ತದೆ. ಫ್ಯೂಸ್ ಹೋಗದೆ ಇನ್ನೇನು? ಒಕ್ಕಣೆ ದಿನ ಜಾಸ್ತಿ ಅಂದಿರಲ್ಲ, ಧೂಳೇ ಇರಬೇಕು. ಇಂಜಿನ್ ಆಫ್ ಇರುವಾಗ, ಕೀ ಆಫ್ ಇರುವಾಗ, ಕಡ್ಡಿಯನ್ನು ಕೈಯಲ್ಲಿ ಒತ್ತಿ ಬಿಟ್ಟು ನೋಡಿ. ಸಲೀಸಾಗಿ ಹೋಗಿ ಬರಬೇಕು. ಟೈಮರ್ ಅಥವಾ ರಿಲೇ ಅಂಟಿಕೊಂಡಿದ್ದರೂ ಹೀಗೇ ಆಗುತ್ತದೆ, ಅದನ್ನು ಆಮೇಲೆ ನೋಡೋಣ.

ಹಿಪ್ಪುನೇರಳೆ ಶಿಡ್ಲಘಟ್ಟ

ಟೆಸ್ಟ್ ಲ್ಯಾಂಪ್ ಮಾಡಿ ಹಾಕಿದೆ. ಹಿಂದಿನ ಬಲ್ಬ್ ಎಲ್ಲ ಬಿಚ್ಚಿದೆ. ಕೀ ಆನ್ ಮಾಡಿದರೆ ಮಂಕಾಗಿ ಒಂದು ಗೆರೆ ಬೆಳಕು, ನೀವು ಹೇಳಿದ ಹಾಗೆ ಮೀಟರ್‌ದು. ಸ್ಟಿಯರಿಂಗ್ ತಿರುಗಿಸಿದೆ, ಸೀಟು ಎತ್ತಿ ಕುಕ್ಕಿದೆ, ಕೈಗೆ ಸಿಕ್ಕ ಹಾರ್ನೆಸ್ ಎಲ್ಲ ಎಳೆದಾಡಿದೆ. ಬ್ರೇಕ್ ತುಳಿದೆ, ಇಂಡಿಕೇಟರ್ ಹಾಕಿದೆ. ಬಲ್ಬ್ ಜಾಸ್ತಿ ಉರಿಯಲೇ ಇಲ್ಲ. ಶೆಡ್‌ನಲ್ಲಿ ಇದು ಸಿಗುವುದಿಲ್ಲ ಅಂತ ಕಾಣುತ್ತದೆ.

ನಿವೃತ್ತ ಡಿಪೊ ಎಲೆಕ್ಟ್ರಿಷಿಯನ್ ತುಮಕೂರು

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಬಸ್ಸಿನ ವೈರಿಂಗ್‌ನಲ್ಲೇ ಕೂದಲು ಬೆಳ್ಳಗಾದವನು ನಾನು, ಟ್ರಾಕ್ಟರ್ ಅಷ್ಟು ಗೊತ್ತಿಲ್ಲ. ಆದರೂ ಒಂದು ಮಾತು ಕೇಳುತ್ತೇನಪ್ಪ. ಸಾಲಿನ ಕೊನೆಗೆ ಬಂದಾಗ ನೀವು ಏನೇನು ಮಾಡುತ್ತೀರಿ, ಒಂದೊಂದಾಗಿ ಹೇಳಿ. ಕೈ ಏನು ಮಾಡುತ್ತದೆ, ಕಾಲು ಏನು ಮಾಡುತ್ತದೆ.

ಕೇಳುವುದು ಯಾಕೆಂದರೆ, ಬಸ್ಸಿನಲ್ಲಿ ನಮಗೆ ಬರುತ್ತಿದ್ದ ದೂರುಗಳು ಹೀಗೇ. ಡಿಪೊದಲ್ಲಿ ಎಲ್ಲ ಸರಿ, ರೂಟ್‌ನಲ್ಲಿ ಫ್ಯೂಸ್ ಹೋಗುತ್ತದೆ. ಡ್ರೈವರ್ ಪಕ್ಕದಲ್ಲಿ ಕೂತು ಹೋದರೆ ಗೊತ್ತಾಗುತ್ತಿತ್ತು. ವೈರ್ ಬಾಡಿಗೆ ತಾಗಿದರೆ ಮಾತ್ರ ಸಾಲದು, ತಾಗಿದ ಹೊತ್ತಿನಲ್ಲಿ ಆ ವೈರ್‌ನಲ್ಲಿ ಕರೆಂಟೂ ಇರಬೇಕು. ಬ್ರೇಕ್ ಲೈಟ್ ವೈರ್‌ಗೆ ಬ್ರೇಕ್ ತುಳಿದಾಗ ಮಾತ್ರ ಕರೆಂಟ್ ಬರುವುದು. ರಿವರ್ಸ್ ಲೈಟ್ ವೈರ್‌ಗೆ ರಿವರ್ಸ್ ಹಾಕಿದಾಗ ಮಾತ್ರ. ಎರಡೂ ಒಟ್ಟಿಗೆ ಸೇರುವ ಗಳಿಗೆ ಯಾವುದು ಅಂತ ಹುಡುಕಬೇಕು.

ಹಿಪ್ಪುನೇರಳೆ ಶಿಡ್ಲಘಟ್ಟ

ಸಾರ್, ಸಾಲಿನ ಕೊನೆಯಲ್ಲಿ ನಮಗೆ ಜಾಗ ಕಡಿಮೆ, ಆ ಕಡೆ ಬದು, ಈ ಕಡೆ ಡ್ರಿಪ್ ಪೈಪ್. ಮೊದಲು ಲಿವರ್ ಎಳೆದು ರೋಟವೇಟರ್ ಪೂರ್ತಿ ಮೇಲಕ್ಕೆ ಎತ್ತುತ್ತೇನೆ. ಸ್ಟಿಯರಿಂಗ್ ಪೂರ್ತಿ ತಿರುಗಿಸುತ್ತೇನೆ. ಒಂದು ಬದಿ ಬ್ರೇಕ್ ತುಳಿಯುತ್ತೇನೆ, ಆ ಚಕ್ರ ನಿಂತು ಗಾಡಿ ಅಲ್ಲೇ ತಿರುಗುತ್ತದೆ. ಎಡಕ್ಕೆ ಹೋಗುವಾಗ ಎಡ ಪೆಡಲ್, ಬಲಕ್ಕೆ ಬಲ ಪೆಡಲ್. ತೋಟದಲ್ಲಿ ಎರಡು ಪೆಡಲ್ ಮಧ್ಯದ ಲಾಕ್ ತೆಗೆದಿರುತ್ತೇನೆ, ರೋಡಿಗೆ ಬಂದಾಗ ಹಾಕುತ್ತೇನೆ.

ಅಡಿಕೆ ಗುಬ್ಬಿ

ಬ್ರೇಕ್ ಸ್ವಿಚ್ ಯಾವ ಪೆಡಲ್‌ಗಿದೆ?

ಹಿಪ್ಪುನೇರಳೆ ಶಿಡ್ಲಘಟ್ಟ

ಬಗ್ಗಿ ನೋಡಿದೆ. ಬಲ ಪೆಡಲ್‌ಗೆ ಮಾತ್ರ ಇದೆ. ಎಡಕ್ಕೆ ಇಲ್ಲ. ರೋಡಿನಲ್ಲಿ ಎರಡೂ ಲಾಕ್ ಆಗಿರುವುದರಿಂದ ಒಂದೇ ಸಾಕು ಅಂತ ಇರಬೇಕು.

ಹಾಗಾದರೆ ಬಲಕ್ಕೆ ತಿರುಗಿಸುವಾಗ ಮಾತ್ರ ಹೋಗುತ್ತಿದೆಯಾ? ಇಲ್ಲಿಯವರೆಗೆ ನಾನು ಗಮನಿಸಿರಲಿಲ್ಲ.

ನಿವೃತ್ತ ಡಿಪೊ ಎಲೆಕ್ಟ್ರಿಷಿಯನ್ ತುಮಕೂರು

ಹಾಗೇ ಇರಬೇಕು. ಟ್ರೈಲರ್ ಕಟ್ಟಿದಾಗಲೂ ಬ್ರೇಕ್ ತುಳಿಯುತ್ತೀರಿ, ಆಗ ಹೋಗುವುದಿಲ್ಲ. ಅಂದರೆ ಬರೀ ಬ್ರೇಕ್ ಸಾಲದು. ಎಡಕ್ಕೆ ತಿರುಗುವಾಗಲೂ ರೋಟವೇಟರ್ ಎತ್ತುತ್ತೀರಿ, ಬರೀ ಅದೂ ಸಾಲದು ಅಂತ ನನ್ನ ಲೆಕ್ಕ. ಬಲ ಬ್ರೇಕ್ ತುಳಿದಿರಬೇಕು, ಜೊತೆಗೆ ಲಿಫ್ಟ್ ಮೇಲಿರಬೇಕು. ನಿಮ್ಮ ಮೆಕ್ಯಾನಿಕ್ ಶೆಡ್‌ನಲ್ಲಿ ಬ್ರೇಕ್ ತುಳಿದು ನೋಡಿರುತ್ತಾನೆ, ಲಿಫ್ಟ್ ಎತ್ತಿ ನೋಡಿರುತ್ತಾನೆ. ಎರಡನ್ನೂ ಒಟ್ಟಿಗೆ ಮಾಡಿರುವುದಿಲ್ಲ, ಪಾಪ.

ಟೆಸ್ಟ್ ಲ್ಯಾಂಪ್ ಹಾಗೇ ಇರಲಿ. ರೋಟವೇಟರ್ ಕಟ್ಟಿ, ಆದರೆ ಅದನ್ನು ತಿರುಗಿಸುವ ಪಿಟಿಒ ಹಾಕಬೇಡಿ. ಇಂಜಿನ್ ಸ್ಟಾರ್ಟ್ ಮಾಡಿ ಲಿಫ್ಟ್ ಪೂರ್ತಿ ಎತ್ತಿ ಬಲ ಬ್ರೇಕ್ ತುಳಿಯಿರಿ. ಹಿಂದೆ ಯಾರೂ ನಿಲ್ಲಬಾರದು. ಬಲ್ಬ್ ಹತ್ತಿದರೆ ಅದೇ. ಆಮೇಲೆ ಕೈ ಹಾಕಿ ನೋಡುವ ಮುಂಚೆ ರೋಟವೇಟರ್ ಕೆಳಗೆ ಬಲವಾದ ದಿಮ್ಮಿ ಕೊಡಿ, ಇಂಜಿನ್ ಆಫ್ ಮಾಡಿ. ಹೈಡ್ರಾಲಿಕ್ ನಂಬಿ ಆರ್ಮ್ ಮಧ್ಯೆ ಕೈ ಇಡಬೇಡಿ.

ದ್ರಾಕ್ಷಿ ನಂದಿ

ಇದು ಒಳ್ಳೆ ಪತ್ತೇದಾರಿ ಆಯ್ತು. ಬೇಗ ನೋಡಿ ಹೇಳಿ, ಟೀ ಆರುತ್ತಿದೆ.

ಹಿಪ್ಪುನೇರಳೆ ಶಿಡ್ಲಘಟ್ಟ

ಸಿಕ್ಕಿತು!

ಲಿಫ್ಟ್ ಕೆಳಗಿದ್ದಾಗ ಬ್ರೇಕ್ ತುಳಿದರೆ ಬಲ್ಬ್ ಮಂಕು. ಲಿಫ್ಟ್ ಅರ್ಧ ಎತ್ತಿದರೂ ಮಂಕು. ಪೂರ್ತಿ ಮೇಲೆ ಹೋದ ಮೇಲೆ ಬ್ರೇಕ್ ತುಳಿದರೆ ಝಗ್ ಅಂತ ಪೂರ್ತಿ ಬೆಳಕು. ಬ್ರೇಕ್ ಬಿಟ್ಟರೆ ಮಂಕು. ನನ್ನ ಮಗ ಬಲ್ಬ್ ನೋಡಿಕೊಂಡು ಮುಂದೆ ನಿಂತಿದ್ದ, ಅವನು ಕೂಗಿದ್ದು ಬೀದಿಗೆಲ್ಲ ಕೇಳಿಸಿರಬೇಕು.

ಜಾಗ ಯಾವುದು ಅಂದರೆ ಬಲ ಮಡ್‌ಗಾರ್ಡ್‌ನ ಒಳಬದಿ. ಟಾಪ್‌ನ ಕಾಲನ್ನು ಮಡ್‌ಗಾರ್ಡ್‌ಗೆ ಆಂಗಲ್ ಇಟ್ಟು ಬೋಲ್ಟ್ ಹಾಕಿದ್ದಾರೆ. ಬೋಲ್ಟ್ ಬೇಕಾದ್ದಕ್ಕಿಂತ ಉದ್ದ. ತಲೆ ಹೊರಗೆ, ಉದ್ದದ ತುದಿ ಒಳಗೆ. ಹಿಂದಿನ ಲೈಟ್‌ಗೆ ಹೋಗುವ ಹಾರ್ನೆಸ್ ಅದೇ ಜಾಗದಲ್ಲಿ ಹಾದು ಹೋಗುತ್ತದೆ. ಮೊದಲಿದ್ದ ಕ್ಲಿಪ್ ಇಲ್ಲ, ಟಾಪ್ ಹಾಕುವಾಗ ತೆಗೆದಿರಬೇಕು, ಹಾಗಾಗಿ ಹಾರ್ನೆಸ್ ಜೋತು ಬಿದ್ದಿದೆ. ಲಿಫ್ಟ್ ಆರ್ಮ್ ಪೂರ್ತಿ ಮೇಲೆ ಬಂದಾಗ ಅದನ್ನು ಪಕ್ಕಕ್ಕೆ ತಳ್ಳಿ ಬೋಲ್ಟಿನ ಥ್ರೆಡ್‌ಗೆ ಒತ್ತುತ್ತದೆ. ಟೇಪ್ ಸವೆದು, ಒಳಗಿನ ಒಂದು ಹಸಿರು ವೈರ್ ಪ್ಲಾಸ್ಟಿಕ್ ಹೋಗಿ ತಾಮ್ರ ಕಾಣುತ್ತಿದೆ. ಬ್ರೇಕ್ ಲೈಟ್ ವೈರ್. ಪಕ್ಕದ ಇಂಡಿಕೇಟರ್ ವೈರೂ ಗೀರು ಬಿದ್ದಿದೆ, ಇನ್ನೂ ತಾಮ್ರದವರೆಗೆ ಹೋಗಿಲ್ಲ.

ಕೆಳಗೆ ಬಗ್ಗಿ ನೋಡಿದರೆ ಕಾಣುವುದಿಲ್ಲ, ಮಣ್ಣು ಮೆತ್ತಿಕೊಂಡಿತ್ತು. ಲಿಫ್ಟ್ ಎತ್ತಿ, ದಿಮ್ಮಿ ಕೊಟ್ಟು, ಟಾರ್ಚ್ ಹಾಕಿದ ಮೇಲೆಯೇ ಕಂಡಿದ್ದು.

ಅಡಿಕೆ ಗುಬ್ಬಿ

ಭಲೇ. ಬ್ರೇಕ್ ಹಾಕದೆ ಅಗಲವಾಗಿ ತಿರುಗಿಸಿದ ಸಲ ಹೋಗಿಲ್ಲ, ಲಿಫ್ಟ್ ಪೂರ್ತಿ ಎತ್ತದ ಸಲ ಹೋಗಿಲ್ಲ. ಅದಕ್ಕೇ ಕೆಲವು ದಿನ ಅರ್ಧ ಗಂಟೆ, ಕೆಲವು ದಿನ ಮಧ್ಯಾಹ್ನ.

ಆಟೋ ಎಲೆಕ್ಟ್ರಿಷಿಯನ್ ಚಿಂತಾಮಣಿ

ಡಿಪೊ ಸಾರ್‌ಗೆ ನಮಸ್ಕಾರ. ಈಗ ರಿಪೇರಿ ಸರಿಯಾಗಿ ಮಾಡಿ, ಬರೀ ಟೇಪ್ ಸುತ್ತಿ ಬಿಡಬೇಡಿ. ಬಿಸಿಲಿಗೆ ಟೇಪ್‌ನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿ. ಬೋಲ್ಟ್ ತೆಗೆದು ತಿರುಗಿಸಿ ಹಾಕಿ, ತಲೆ ಒಳಗೆ ಬರಲಿ, ತುದಿ ಹೊರಗೆ. ಉದ್ದ ಜಾಸ್ತಿ ಇರುವುದನ್ನು ಕತ್ತರಿಸಿ ಅರ ಹಾಕಿ. ಸವೆದ ವೈರ್ ಅಷ್ಟು ಭಾಗ ಕತ್ತರಿಸಿ, ಅದೇ ದಪ್ಪದ ತುಂಡು ಸೇರಿಸಿ. ಮೇಲೆ ಹೀಟ್ ಶ್ರಿಂಕ್, ಅಂದರೆ ಬಿಸಿ ಮಾಡಿದರೆ ಬಿಗಿಯಾಗುವ ಕೊಳವೆ, ಹಾಕಿ. ಗೀರು ಬಿದ್ದ ಇಂಡಿಕೇಟರ್ ವೈರ್‌ಗೂ ಹಾಕಿ. ಎಲ್ಲದರ ಮೇಲೆ ಸುಕ್ಕು ಸುಕ್ಕಾದ ಕಪ್ಪು ಪ್ಲಾಸ್ಟಿಕ್ ಪೈಪ್ ಬರುತ್ತದಲ್ಲ, ಬದಿಯಲ್ಲಿ ಸೀಳಿರುವುದು, ಅದನ್ನು ತೊಡಿಸಿ. ಮಡ್‌ಗಾರ್ಡ್‌ಗೆ ಮೇಲುಗಡೆ ಕ್ಲಿಪ್ ಹಾಕಿ ಕಟ್ಟಿ. ಲಿಫ್ಟ್ ಮೇಲೆ ಕೆಳಗೆ ಪೂರ್ತಿ ಆಡಿಸಿ, ಆರ್ಮ್‌ಗೂ ಹಾರ್ನೆಸ್‌ಗೂ ಮಧ್ಯೆ ಕೈ ಬೆರಳು ಹೋಗುವಷ್ಟು ಜಾಗ ಇದೆಯಾ ನೋಡಿ.

ಮಾವು ಶ್ರೀನಿವಾಸಪುರ

ಜಾಯಿಂಟ್ ಬೆಸುಗೆ ಹಾಕುವುದು ಒಳ್ಳೆಯದಾ, ಲೋಹದ ಕೊಳವೆ ಒತ್ತಿ ಸೇರಿಸುವ ಕ್ರಿಂಪ್ ಒಳ್ಳೆಯದಾ? ನಮ್ಮೂರ ಎಲೆಕ್ಟ್ರಿಷಿಯನ್ ಯಾವಾಗಲೂ ಬೆಸುಗೆ.

ನಿವೃತ್ತ ಡಿಪೊ ಎಲೆಕ್ಟ್ರಿಷಿಯನ್ ತುಮಕೂರು

ಅಲುಗಾಡುವ ಜಾಗಕ್ಕೆ ಕ್ರಿಂಪ್. ಬೆಸುಗೆ ಹಾಕಿದರೆ ಸೀಸ ಎಳೆಗಳ ಒಳಗೆ ಹರಿದು ಅಷ್ಟು ಭಾಗ ಕಡ್ಡಿಯಾಗುತ್ತದೆ. ಕಡ್ಡಿ ಮುಗಿದು ಎಳೆ ಶುರುವಾಗುವ ಕಡೆ ಕಂಪನಕ್ಕೆ ತುಂಡಾಗುತ್ತದೆ. ಹಾಗಂತ ಕಟಿಂಗ್ ಪ್ಲೇಯರ್‌ನಲ್ಲಿ ಜಜ್ಜಿದರೆ ಅದು ಕ್ರಿಂಪ್ ಅಲ್ಲ. ಸರಿಯಾದ ಟೂಲ್ ಇಲ್ಲ, ಬೆಸುಗೆ ಚೆನ್ನಾಗಿ ಬರುತ್ತದೆ ಅಂದರೆ ಬೆಸುಗೆಯೇ ಹಾಕಿ, ಆದರೆ ಎರಡೂ ಬದಿ ವೈರನ್ನು ಅಲುಗಾಡದ ಹಾಗೆ ಕಟ್ಟಿ.

ಆಟೋ ಎಲೆಕ್ಟ್ರಿಷಿಯನ್ ಚಿಂತಾಮಣಿ

ನಾನು ಬೆಸುಗೆ ಹಾಕುವವನೇ ಸಾರ್, ಕಟ್ಟಿದರೆ ಏನೂ ಆಗುವುದಿಲ್ಲ. ಇರಲಿ, ಅದಕ್ಕೆ ಜಗಳ ಬೇಡ.

ಟಾಪ್ ಹಾಕಿಸುವವರು ಇನ್ನೊಂದು ನೆನಪಿಡಿ. ಗಾಡಿ ಮೇಲೆ ವೆಲ್ಡಿಂಗ್ ಮಾಡುವುದಿದ್ದರೆ ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿಸಿ, ಆಲ್ಟರ್ನೇಟರ್ ಕನೆಕ್ಷನ್ನೂ ತೆಗೆಸಿ. ವೆಲ್ಡಿಂಗ್‌ನ ಅರ್ಥ್ ಕ್ಲಾಂಪ್ ಬೆಸುಗೆ ಹಾಕುವ ಜಾಗದ ಪಕ್ಕದಲ್ಲೇ ಇರಲಿ. ಇಲ್ಲದಿದ್ದರೆ ಆಲ್ಟರ್ನೇಟರ್‌ನ ಡಯೋಡ್ ಹೋಗುತ್ತದೆ, ಆಮೇಲೆ ರಾತ್ರಿ ಬ್ಯಾಟರಿ ಖಾಲಿ ಆಗುತ್ತದೆ ಅಂತ ಇಲ್ಲೇ ಹೊಸ ಪ್ರಶ್ನೆ ಬರುತ್ತದೆ.

ಟೊಮೆಟೊ ಮುಳಬಾಗಿಲು

ಎಲ್ಲ ಓದಿದೆ. ನನ್ನದು 30ರಲ್ಲೇ ಚೆನ್ನಾಗಿ ಓಡುತ್ತಿದೆ, ಹೇಳಿದೆ ಅಷ್ಟೇ.

ಆಟೋ ಎಲೆಕ್ಟ್ರಿಷಿಯನ್ ಚಿಂತಾಮಣಿ

ನಿಮ್ಮ ಫ್ಯೂಸ್ ಬಾಕ್ಸ್ ಮುಚ್ಚಳದಲ್ಲಿ ಆ ಜಾಗಕ್ಕೆ ಎಷ್ಟು ಬರೆದಿದೆ? ಬಿಡುವಾದಾಗ ಒಂದು ಫೋಟೊ ಹಾಕಿ.

ಹಿಪ್ಪುನೇರಳೆ ಶಿಡ್ಲಘಟ್ಟ

ರಿಪೇರಿ ಮುಗಿಯಿತು, ಕ್ರಿಂಪ್ ಹಾಕಿಸಿದೆ. ಬೋಲ್ಟ್ ತಿರುಗಿಸಿ ಹಾಕಿದೆ. ಎಡ ಮಡ್‌ಗಾರ್ಡ್‌ನಲ್ಲೂ ಅದೇ ಉದ್ದದ ಬೋಲ್ಟ್ ಇತ್ತು, ಆ ಕಡೆ ಹಾರ್ನೆಸ್ ಇಲ್ಲ, ಆದರೂ ಅದನ್ನೂ ಕತ್ತರಿಸಿದೆ. ಈ ಸಲದ ಸೊಪ್ಪು ಕಟಾವಾದ ಮೇಲೆ ಇಡೀ ತೋಟಕ್ಕೆ ರೋಟವೇಟರ್ ಹೊಡೆದೆ. ಬಲಕ್ಕೇ ಬೇಕೆಂದು ಬ್ರೇಕ್ ತುಳಿದು ತುಳಿದು ತಿರುಗಿಸಿದೆ. ಅದೇ ನೀಲಿ ಫ್ಯೂಸ್ ಇನ್ನೂ ಇದೆ.

ಕಡ್ಲೆಕಾಯಿ ಪಾವಗಡ

ನನ್ನದೂ ಹೇಳಿಬಿಡುತ್ತೇನೆ. ಸೊಲೆನಾಯ್ಡ್ ಕಡ್ಡಿಯ ರಬ್ಬರ್ ಬೂಟ್ ಹರಿದುಹೋಗಿತ್ತು. ಒಳಗೆ ಕೆಂಪು ಧೂಳು, ಡೀಸೆಲ್ ಜಿಡ್ಡಿಗೆ ಸೇರಿ ಗಟ್ಟಿಯಾಗಿತ್ತು. ಕಡ್ಡಿ ಕೈಯಲ್ಲಿ ಒತ್ತಿದರೆ ಮುಕ್ಕಾಲು ಹೋಗಿ ನಿಲ್ಲುತ್ತಿತ್ತು. ಬಿಚ್ಚಿ ಸ್ವಚ್ಛ ಮಾಡಿದ ಮೇಲೆ ಟಕ್ ಅಂತ ಪೂರ್ತಿ ಹೋಗಿ ಕೂರುತ್ತದೆ, ಫ್ಯೂಸ್ ನಿಂತಿದೆ. ಆದರೆ ಅಂಗಡಿಯಲ್ಲಿ ಬೂಟ್ ಬೇರೆ ಕೊಡುವುದಿಲ್ಲ, ಸೊಲೆನಾಯ್ಡ್ ಪೂರ್ತಿ ತೆಗೆದುಕೊಳ್ಳಿ ಅನ್ನುತ್ತಾರೆ. ಏನು ಮಾಡಲಿ? ಗ್ರೀಸ್ ತುಂಬಿ ಬಿಟ್ಟರೆ ಆಗುತ್ತದಾ?

ಆಟೋ ಎಲೆಕ್ಟ್ರಿಷಿಯನ್ ಚಿಂತಾಮಣಿ

ಗ್ರೀಸ್ ಬೇಡವೇ ಬೇಡ, ಧೂಳನ್ನೆಲ್ಲ ಅದೇ ಹಿಡಿದಿಟ್ಟುಕೊಳ್ಳುತ್ತದೆ. ಕಡ್ಡಿ ಒಣಗಿರಲಿ. ಬೂಟ್‌ಗೆ ಹಳೆ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಕೇಳಿ, ಹಾಳಾದ ಸೊಲೆನಾಯ್ಡ್‌ನಿಂದ ಬಿಚ್ಚಿದ್ದು ಸಿಗುತ್ತದೆ. ಅಳತೆಗೆ ಹಳೆಯದನ್ನು ತೆಗೆದುಕೊಂಡು ಹೋಗಿ. ಅಲ್ಲಿಯವರೆಗೆ ಒಕ್ಕಣೆ ದಿನ ಸಂಜೆ ಒಣ ಬ್ರಷ್‌ನಲ್ಲಿ ಒಂದು ಸಲ ಧೂಳು ಹೊಡೆಯಿರಿ, ಕಂಪ್ರೆಸರ್ ಗಾಳಿ ಹಿಡಿಯಬೇಡಿ, ಒಳಕ್ಕೆ ತಳ್ಳುತ್ತದೆ.